ಸುಮ್ಮನಿರು ಎಂಬ ಉತ್ತರ

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು ಬಹಳ ಕಷ್ಟದ ಕೆಲಸ ಎಂಬ ಮಾತನ್ನು ಈಚೆಗೆ ಎಲ್ಲಿ ಹೋದರೂ ಕೇಳುತ್ತಿದ್ದೇನೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಮಹಿಳಾ ಸಮಾಜದ ಸಭೆಯಲ್ಲಿ, ಶಾಲೆಯ ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವ ತಾಯಂದಿರ ಗುಂಪಿನಲ್ಲಿ ಇದೇ ರಾಗ. "ನಮಗೇನು ಗೊತ್ತಿರುತ್ತೆ ಹೇಳಿ, ನಾವು ಓದಿದ್ದು ಆರ್ಟ್ಸು" ಎಂದು ಒಬ್ಬರು. "ಅದಕ್ಕೆ ಲ್ಯಾಬ್ ಬೇಕು, ಇಂಗ್ಲಿಷ್ ಬೇಕು, ಒಳ್ಳೆಯ ಟ್ಯೂಷನ್ ಬೇಕು" ಎಂದು ಇನ್ನೊಬ್ಬರು. ಕೇಳಿದವರೆಲ್ಲ ಹೌದೌದು ಎಂದು ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ. ಇದು ನಮಗೆ ಅನುಕೂಲವಾದ ಒಂದು ನೆಪ ಎಂದೇ ನನ್ನ ವಾದ.

ನಾಲ್ಕು ವರ್ಷದ ಮಗುವಿನ ಹಿಂದೆ ಒಂದು ದಿನ ಸುತ್ತಿ ನೋಡಿ. ಏಳುವಾಗ ಶುರುವಾದ ಪ್ರಶ್ನೆ ನಿದ್ದೆ ಹತ್ತುವವರೆಗೂ ನಿಲ್ಲುವುದಿಲ್ಲ. ಇರುವೆ ಯಾಕೆ ಸಾಲಾಗಿ ಹೋಗುತ್ತೆ? ಹಾಲು ಉಕ್ಕುವ ಹಾಗೆ ನೀರು ಯಾಕೆ ಉಕ್ಕುವುದಿಲ್ಲ? ನನ್ನ ನೆರಳಿಗೆ ಕಣ್ಣು ಯಾಕಿಲ್ಲ? ಅದೇ ಮಗುವನ್ನು ಹತ್ತನೆಯ ವರ್ಷದಲ್ಲಿ ನೋಡಿ. ಅದರ ಬಾಯಲ್ಲಿ ಉಳಿದಿರುವ ಪ್ರಶ್ನೆ ಒಂದೇ: "ಇದು ಪರೀಕ್ಷೆಗೆ ಬರುತ್ತಾ?" ನಡುವಿನ ಆರು ವರ್ಷಗಳಲ್ಲಿ ಮಗುವಿಗೆ ಯಾವ ಕಾಯಿಲೆಯೂ ಬಂದಿರಲಿಲ್ಲ. ದೊಡ್ಡವರಾದ ನಾವು ಅದರ ಜೊತೆಗಿದ್ದೆವು, ಅಷ್ಟೆ.

ಹಾಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುತ್ತದೆ. ತಳದಿಂದ ಎದ್ದ ಹಬೆಗೆ ಹೊರಬರಲು ದಾರಿಯಿಲ್ಲದೆ ಅದು ಕೆನೆಯನ್ನೇ ಎತ್ತಿಕೊಂಡು ಮೇಲೇರುತ್ತದೆ. ನೀರಿಗೆ ಕೆನೆಯಿಲ್ಲ, ಗುಳ್ಳೆ ಒಡೆದು ಹಬೆ ಹೋಗಿಬಿಡುತ್ತದೆ. ಇಷ್ಟು ಹೇಳಲು ಯಾವ ಪದವಿ ಬೇಕು? ದಿನಕ್ಕೆ ಎರಡು ಬಾರಿ ಹಾಲು ಕಾಯಿಸುವ ಹೆಂಗಸಿಗಿಂತ ಚೆನ್ನಾಗಿ ಇದನ್ನು ತೋರಿಸಬಲ್ಲವರು ಯಾರಿದ್ದಾರೆ? ಆದರೂ ಆ ಹೊತ್ತಿನಲ್ಲಿ ನಮ್ಮ ಬಾಯಿಂದ ಬರುವುದು "ಒಲೆ ಹತ್ತಿರ ಬರಬೇಡ, ಸುಮ್ಮನಿರು" ಎಂಬ ಮಾತು. ಒಲೆಯ ಹತ್ತಿರ ಬರಬೇಡ ಎಂಬುದು ಸರಿ. ಅದರ ಬಾಲವಾಗಿ ಬರುವ ಆ "ಸುಮ್ಮನಿರು" ಇದೆಯಲ್ಲ, ನನ್ನ ಜಗಳ ಅದರ ಮೇಲೆ.

ನಮ್ಮ ಮನೆಗಳಲ್ಲಿ ಮಗು ಕೇಳುವ ಮೊದಲ ದೊಡ್ಡ ಪ್ರಶ್ನೆಗಳಲ್ಲಿ ಒಂದು ಅಮ್ಮನನ್ನು ಕುರಿತದ್ದು. ಅಮ್ಮ ಇವತ್ತು ಯಾಕೆ ಅಡಿಗೆ ಮನೆಗೆ ಬರಲಿಲ್ಲ? ಯಾಕೆ ಬೇರೆ ಚಾಪೆಯಲ್ಲಿ ಮಲಗಿದ್ದಾಳೆ? ಇದಕ್ಕೆ ಮನೆತನದ ಆಸ್ತಿಯಂತೆ ಕೈಯಿಂದ ಕೈಗೆ ಬಂದ ಉತ್ತರ ನಿಮಗೂ ಗೊತ್ತಿದೆ: "ಅಮ್ಮನನ್ನು ಕಾಗೆ ಮುಟ್ಟಿದೆ." ಕಳಸದ ಹತ್ತಿರದ ತೋಟದ ಮನೆಯಲ್ಲಿ ಬೆಳೆದ ನಾನೂ ಇದನ್ನು ಕೇಳಿದವಳೇ. "ಅಂಗಳದಲ್ಲಿ ಇಷ್ಟು ಕಾಗೆ ಇದೆಯಲ್ಲ ಅಜ್ಜಿ, ನನ್ನನ್ನು ಎಂತಕ್ಕೆ ಮುಟ್ಟುವುದಿಲ್ಲ? ನಾನು ಹತ್ತಿರ ಹೋದರೆ ಹಾರಿಯೇ ಹೋಗ್ತದಲ್ಲ?" ಎಂದು ಕೇಳಿದ್ದಕ್ಕೆ ಸಿಕ್ಕಿದ್ದು ಅಧಿಕಪ್ರಸಂಗಿ ಎಂಬ ಬಿರುದು. ಈಗ ಯೋಚಿಸಿದರೆ ಅನಿಸುತ್ತದೆ, ಕಾಗೆಯ ಸ್ವಭಾವವನ್ನು ಆ ಮನೆಯಲ್ಲಿ ಸರಿಯಾಗಿ ಗಮನಿಸಿದ್ದು ಮಗು ಒಂದೇ. ಬಯ್ಗಳು ತಿಂದದ್ದೂ ಅದೇ.

"ಅಯ್ಯೋ, ಅದು ಮಗುವಿಗೆ ಹೇಳುವ ವಿಷಯವೇ?" ಎಂದು ಕೇಳುವವರಿದ್ದಾರೆ. ಯಾಕಲ್ಲ? ಹೊಟ್ಟೆಯೊಳಗೆ ಗರ್ಭಕೋಶ ಎಂಬ ಒಂದು ಚಿಕ್ಕ ಚೀಲವಿದೆ, ಪಾಪು ಬಂದರೆ ಇರಲಿ ಎಂದು ಅದು ತಿಂಗಳು ತಿಂಗಳೂ ಮೆತ್ತನೆಯ ಹಾಸಿಗೆ ಹಾಸುತ್ತದೆ, ಪಾಪು ಬರದಿದ್ದರೆ ಆ ಹಾಸಿಗೆ ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತದೆ, ಇದು ಗಾಯವಲ್ಲ, ರೋಗವಲ್ಲ. ಐದು ವರ್ಷದ ಮಗುವಿಗೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಅದು ಕೇಳುವುದೂ ಇಲ್ಲ. ಇದನ್ನು ಹೇಳದೆ ಕಾಗೆಯನ್ನು ಕರೆತಂದ ಮನೆಯ ಹುಡುಗಿ, ತನ್ನ ಸರದಿ ಬಂದಾಗ ಬಟ್ಟೆಯ ಮೇಲಿನ ರಕ್ತ ಕಂಡು ತಾನು ಸಾಯುತ್ತೇನೆಂದು ಬಚ್ಚಲಲ್ಲಿ ಕೂತು ಅಳುತ್ತಾಳೆ. ಹಾಗೆ ಅತ್ತವರು ಈ ಪುಟ ಓದುತ್ತಿರುವವರಲ್ಲೇ ಎಷ್ಟು ಜನವಿಲ್ಲ!

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಅಜ್ಜಿಯ ಕತೆಗಳ ಮೇಲೆ ನನಗೆ ಸಿಟ್ಟಿಲ್ಲ. ಚಂದ್ರನಲ್ಲಿ ಮೊಲವಿರಲಿ, ಗ್ರಹಣದಲ್ಲಿ ರಾಹು ಬಾಯಿ ತೆರೆಯಲಿ. ಕತೆ ಯಾವುದು, ಕಂಡದ್ದು ಯಾವುದು ಎಂದು ಮಕ್ಕಳಿಗೆ ನಾವು ತಿಳಿದದ್ದಕ್ಕಿಂತ ಬೇಗ ಗೊತ್ತಾಗುತ್ತದೆ. ಕತೆ ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತದೆ: "ಆಮೇಲೆ ಮೊಲ ಎಂತ ಮಾಡ್ತು?" ಬಾಯಿ ಮುಚ್ಚಿಸುವ ಸುಳ್ಳಿನಿಂದ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ಒಂದು ಮಾತು ಕತೆಯೋ ಸುಳ್ಳೋ ಎಂದು ತಿಳಿಯಲು ಇಷ್ಟು ನೋಡಿದರೆ ಸಾಕು.

ಮನೆಯಲ್ಲಿ ಅರ್ಧ ಮುಗಿದ ಈ ಕೆಲಸವನ್ನು ಶಾಲೆ ಪೂರ್ತಿ ಮಾಡುತ್ತದೆ. ನಮ್ಮ ಸಂಬಂಧದ ಒಂದು ಹುಡುಗಿ ಪೇಟೆಯ ಶಾಲೆಯಲ್ಲಿ ಓದುತ್ತಾಳೆ. ಹೆಸರು ಬೇಡ, ಇಂಥ ಶಾಲೆ ಎಲ್ಲ ಊರಲ್ಲೂ ಇದೆ. ಎಲೆಯ ಹಸಿರು ಭಾಗ ಬಿಸಿಲಿನಲ್ಲಿ ಗಿಡಕ್ಕೆ ಆಹಾರ ತಯಾರಿಸುತ್ತದೆ ಎಂದು ಪಾಠವಾಯಿತು. ಇವಳು ಎದ್ದು ಕೇಳಿದಳು: "ಹಾಗಾದ್ರೆ ನಮ್ಮ ಮನೆ ಮುಂದಿನ ಕೆಂಪು ಕ್ರೋಟನ್ ಗಿಡ ಉಪವಾಸ ಇರುತ್ತಾ ಮಿಸ್?" ತರಗತಿ ನಕ್ಕಿತು. ಮಿಸ್ಸು, "ಸಿಲಬಸ್‌ನಲ್ಲಿ ಇರೋದನ್ನು ಕೇಳು" ಎಂದು ಕೂರಿಸಿದರು. ಅವಳ ತಾಯಿ ನನ್ನ ಹತ್ತಿರ ಇದನ್ನು ಹೇಳಿದ್ದು ಮಗಳ ಬಗ್ಗೆ ದೂರು ಎಂಬಂತೆ. ನನಗೋ ಆ ಪ್ರಶ್ನೆ ಕೇಳಿ ಮೈ ಜುಮ್ಮೆಂದಿತು. ಓದಿದ ಒಂದು ನಿಯಮವನ್ನು ಅಂಗಳಕ್ಕೆ ತೆಗೆದುಕೊಂಡು ಹೋಗಿ, ಅಲ್ಲಿದ್ದ ಒಂದು ಗಿಡದ ಮೇಲೆ ಇಟ್ಟು ನೋಡಿದ್ದಾಳೆ. ವಿಜ್ಞಾನಿಗಳು ಮಾಡುವುದೂ ಇದನ್ನೇ.

ಉತ್ತರ ಎಲ್ಲಿತ್ತು ಗೊತ್ತೆ? ಅವರ ಮನೆಯ ಒಲೆಯ ಮೇಲೆ. ಕೆಂಪು ಹರಿವೆ ಸೊಪ್ಪನ್ನು ನಾವೆಲ್ಲ ಬೇಯಿಸಿದವರೇ. ಕುದಿಯುತ್ತಿದ್ದಂತೆ ನೀರು ಕೆಂಪಾಗುತ್ತದೆ, ಚೆನ್ನಾಗಿ ಬೆಂದ ಎಲೆ ಎತ್ತಿ ನೋಡಿದರೆ ಹಸಿರು. ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದ್ದು, ಅದು ಬಿಟ್ಟುಹೋಯಿತು. ಹಸಿರು ನೀರಿನಲ್ಲಿ ಕರಗುವುದಿಲ್ಲ, ಅದು ಉಳಿಯಿತು. ಅಂದರೆ ಹಸಿರು ಮೊದಲಿಂದಲೂ ಕೆಂಪಿನ ಹಿಂದೆ ಅಡಗಿತ್ತು. ಕೆಂಪು ಬಣ್ಣದ ಹೆಸರು ಬೇರೆಯಿದ್ದರೂ ಕ್ರೋಟನ್ನಿನ ಕತೆಯೂ ಹೀಗೆಯೇ. ಅದು ಉಪವಾಸವಿಲ್ಲ, ಕೆಂಪು ಸೆರಗಿನ ಮರೆಯಲ್ಲಿ ಉಣ್ಣುತ್ತಿದೆ. ಜೀವಮಾನವೆಲ್ಲ ಹರಿವೆ ಬೇಯಿಸಿ ಆ ಕೆಂಪು ನೀರು ನೋಡಿದ ನಮಗೆ, ನಾವು ಕಂಡದ್ದೇ ಒಂದು ಉತ್ತರ ಎಂದು ಯಾರೂ ಹೇಳಲಿಲ್ಲ. ಅಡಿಗೆ ಮನೆಯಲ್ಲಿ ಕಂಡದ್ದನ್ನು ವಿಜ್ಞಾನ ಎಂದು ಕರೆಯುವ ಪದ್ಧತಿಯಿಲ್ಲವಲ್ಲ.

ಅದೇ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ವಿಜ್ಞಾನ ಪ್ರದರ್ಶನ ನಡೆಯುತ್ತದೆ. ಥರ್ಮೋಕೋಲಿನ ಜ್ವಾಲಾಮುಖಿ, ಥರ್ಮೋಕೋಲಿನ ಹೃದಯ, ಥರ್ಮೋಕೋಲಿನ ಅಣೆಕಟ್ಟು. ಮಾಡಿದ್ದು ಅಪ್ಪ, ಬಣ್ಣ ಬಳಿದದ್ದು ಅಮ್ಮ, ಸಾಮಾನು ಕೊಟ್ಟದ್ದು ಪೇಟೆಯ ಸ್ಟೇಷನರಿ ಅಂಗಡಿ. ಮಗು ಯೂನಿಫಾರ್ಮ್ ಹಾಕಿಕೊಂಡು ಪಕ್ಕದಲ್ಲಿ ನಿಂತು ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ ಒಪ್ಪಿಸುತ್ತದೆ. ಐದನೆಯ ವಾಕ್ಯ ಕೇಳಿ ನೋಡಿ, ತಾಯಿಯ ಮುಖ ನೋಡುತ್ತದೆ. ಮಗುವಿನ ಮನೆಮಾತಿನಲ್ಲಿ ಹುಟ್ಟಿದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಬಾಯಿಪಾಠದ ಉತ್ತರ ಕೊಟ್ಟರೆ ಪ್ರಶ್ನೆಯೂ ಉತ್ತರವೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ.

ನಮ್ಮ ಈ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಥರ್ಮೋಕೋಲಿಗೆ ಏನು ಗತಿಗೇಡು? ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬೀಳುತ್ತದೆ. ಎಂಟು ಹತ್ತು ದಿನ ಕಳೆದರೆ ಒಂದು ಬೆಳಗ್ಗೆ ಇಡೀ ತೋಟ ಬೆಳ್ಳಗಾಗಿ ಮಲ್ಲಿಗೆಯಂತೆ ಘಮ್ಮೆನ್ನುತ್ತದೆ. ಇಷ್ಟು ಗಿಡಗಳಿಗೆ ಇವತ್ತೇ ಅರಳಬೇಕೆಂದು ಯಾರು ಹೇಳಿದರು? ಮೊಗ್ಗುಗಳೆಲ್ಲ ಬೇಸಿಗೆಯ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗಿದ್ದವು. ಮಳೆ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿತು, ಅರಳಲು ಎಲ್ಲಕ್ಕೂ ಬೇಕಾದ ದಿನಗಳು ಹೆಚ್ಚುಕಡಿಮೆ ಒಂದೇ. ಪಕ್ಕಪಕ್ಕದ ತೋಟದಲ್ಲೇ ಇರುವ ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ನೂರು ವರ್ಷದಿಂದ ಇಂಥದ್ದನ್ನೇ ಕೂತು ನೋಡುತ್ತಿದ್ದಾರೆ. ಬಸ್ಸಿನಲ್ಲಿ ಹೋಗಿ ಬರುವ ದೂರದ ಆ ಹೆಸರು ನಮ್ಮ ಮಕ್ಕಳ ಕಿವಿಗೆ ಬಿದ್ದಿದೆಯೆ?

ಒಮ್ಮೆ ಒಂದು ತೋಟದ ಕಣದಲ್ಲಿ ಬೀಜ ಆರಿಸುತ್ತಿದ್ದ ತಾಯಿಯ ಪಕ್ಕ ಕೂತಿದ್ದ ಲೈನು ಮನೆಯ ಹುಡುಗಿ ಒಂದು ಬೀಜ ಎತ್ತಿ ಹಿಡಿದು, "ಎಲ್ಲ ಚಪ್ಪಟೆ ಇದೆ, ಇದು ಎಂತಕ್ಕೆ ಗುಂಡಗಿದೆ?" ಎಂದಳು. ಅಲ್ಲಿದ್ದ ರೈಟರು ಕೊಟ್ಟ ಉತ್ತರ: "ಅದು ಪೀಬೆರಿ, ಅದಕ್ಕೆ ರೇಟು ಜಾಸ್ತಿ." ಹುಡುಗಿ ಕೇಳಿದ್ದು ಕಾರಣ, ಸಿಕ್ಕಿದ್ದು ಬೆಲೆ. ಒಂದು ಹಣ್ಣಿನಲ್ಲಿ ಎರಡು ಬೀಜ ಬೆಳೆದಾಗ ಒಂದಕ್ಕೊಂದು ಒತ್ತಿ ಎರಡರ ಮಗ್ಗುಲೂ ಚಪ್ಪಟೆಯಾಗುತ್ತದೆ. ಎರಡರಲ್ಲಿ ಒಂದು ಬೆಳೆಯದೆ ಹೋದರೆ ಉಳಿದದ್ದು ಜಾಗವೆಲ್ಲ ತನ್ನದೆಂದು ಗುಂಡಗಾಗುತ್ತದೆ. ಒಂದು ಹಾಸಿಗೆಯಲ್ಲಿ ಇಬ್ಬರು ಮಲಗುವ ಮಕ್ಕಳಿಗೆ ಇದು ಎಷ್ಟು ಬೇಗ ಅರ್ಥವಾಗುತ್ತದೆ! ನಾವು ಪೇಟೆಯ ಅಂಗಡಿಯಲ್ಲಿ ಪೀಬೆರಿ ಪುಡಿ ಕೇಳಿ ತರುತ್ತೇವೆ, ಹಾಗೆಂದರೇನು ಎಂದು ನಾವೂ ಕೇಳಿದವರಲ್ಲ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ ಎನ್ನುವವರಿಗೆ ಉತ್ತರ ಈ ಊರಲ್ಲೇ ಇದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಅಲೆದದ್ದನ್ನು 'ಹಸುರು ಹೊನ್ನು' ಮಾಡಿಕೊಟ್ಟರು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬದುಕಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಹುಳ, ಓತಿಗಳನ್ನು ಕನ್ನಡದ ಮನೆಮನೆಗೆ ಕರೆತಂದರು. 1980ರ ಅವರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಬೆರಗಾಗುವುದು ಹೆಚ್ಚು ಓದಿರದ ಹಳ್ಳಿಯ ಮಂದಣ್ಣನ ಕಣ್ಣಿಗೆ. ಹಾರುವ ಓತಿಯನ್ನು ಕಂಡವನು ಅವನು. ಓದಿದವರು ಅದನ್ನು ಕಾಣಲು ಅವನ ಹಿಂದೆ ಕಾಡು ಹತ್ತಬೇಕಾಯಿತು. ಈಗ ತೇಜಸ್ವಿಯವರ ಫೋಟೋಕ್ಕೆ ಹಾರ ಹಾಕುತ್ತೇವೆ, ನಮ್ಮ ಮನೆಯ ಮಂದಣ್ಣ ಪುಸ್ತಕ ಬಿಟ್ಟು ಗಿಡದ ಬುಡದಲ್ಲಿ ಕೂತರೆ ಕಿವಿ ಹಿಂಡಿ ಒಳಗೆ ಎಳೆದು ತರುತ್ತೇವೆ. ಮಂದಣ್ಣನ ತಂಗಿಯ ಪಾಡಂತೂ ಕೇಳುವುದೇ ಬೇಡ. ಅವಳಿಗೆ ಗಿಡದ ಬುಡದವರೆಗೂ ಹೋಗಲು ಬಿಡುವಿಲ್ಲ.

ಇದೆಲ್ಲ ಬರೀ ಕುತೂಹಲದ ಮಾತು, ಇದರಿಂದ ಏನು ನಷ್ಟ ಎನ್ನುವವರಿಗಾಗಿ ಮೂರು ಸಂಗತಿ ಹೇಳುತ್ತೇನೆ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ನಮ್ಮ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಜೀವ ತೆಗೆದಿದೆ. ಸತ್ತ ಮಂಗದ ಹತ್ತಿರ ಹೋಗಬೇಡ ಎಂದು ಮಕ್ಕಳಿಗೆ ಹೇಳುತ್ತೇವೆ. ಯಾಕೆ ಎಂದರೆ "ಹೋಗಬೇಡ ಅಂದರೆ ಹೋಗಬೇಡ." ಬರೀ ಅಪ್ಪಣೆಯನ್ನು ಮೀರುವುದು ಮಕ್ಕಳ ಹುಟ್ಟುಗುಣ. ಕಾರಣ ಹೇಳಿ ನೋಡಿ: ಕಾಯಿಲೆಯನ್ನು ದಾಟಿಸುವುದು ಉಣುಗು, ಗಸಗಸೆ ಕಾಳಿನಷ್ಟು ಚಿಕ್ಕದು. ಮಂಗ ಸತ್ತ ಮೇಲೆ ಆ ಮೈಯಲ್ಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಇನ್ನೊಂದು ಮೈಗಾಗಿ ಕಾಯುತ್ತವೆ, ಅದಕ್ಕೇ ಅಲ್ಲಿ ಕಾಲಿಡಬಾರದು, ಕಾಡಿಂದ ಬಂದ ಮೇಲೆ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ಸ್ನಾನ ಮಾಡಬೇಕು. ಇದನ್ನು ಅರ್ಥ ಮಾಡಿಕೊಂಡ ಮಗು ತಾನು ಹೋಗುವುದಿಲ್ಲ, ಸೌದೆಗೆ ಹೊರಟ ಅಪ್ಪನನ್ನೂ ತಡೆಯುತ್ತದೆ.

ಎರಡನೆಯದು 2019ರ ಆಗಸ್ಟ್. ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಕಡೆ ಗುಡ್ಡ ಜಾರಿ ಮನೆ ತೋಟ ಎಲ್ಲ ಕೊಚ್ಚಿಹೋದವು. ಗುಡ್ಡ ಯಾಕೆ ಬಿತ್ತು ಎಂದು ಮಕ್ಕಳು ಕೇಳಿದಾಗ ದೊಡ್ಡವರ ಬಾಯಲ್ಲಿದ್ದದ್ದು ಹಣೆಬರಹ. ನೀರು ಕುಡಿದು ಭಾರವಾದ ಮಣ್ಣಿನ ಹಿಡಿತ ಹೇಗೆ ಸಡಿಲುತ್ತದೆ, ಇಳಿಜಾರನ್ನು ಕಡಿದರೆ ಏನಾಗುತ್ತದೆ, ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಯಾಕೆ ಮನೆ ಬಿಟ್ಟು ಓಡಬೇಕು ಎಂಬುದನ್ನು ಒಂದು ಮರಳಿನ ಗುಡ್ಡೆ, ಒಂದು ಚೊಂಬು ನೀರು ಇಟ್ಟುಕೊಂಡು ತೋರಿಸಬಹುದು. ಹಣೆಬರಹದಲ್ಲಿ ಕಲಿಯಲು ಏನೂ ಇಲ್ಲ.

ಮೂರನೆಯದು ಅದೇ ವರ್ಷದ ಡಿಸೆಂಬರ್ 26ರ ಸೂರ್ಯಗ್ರಹಣ. ಆ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ಸೂರ್ಯನ ಬಹುಭಾಗ ಮರೆಯಾಗಿತ್ತು. ತೋಟದ ಮರಗಳ ಎಲೆಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಅಂಥ ಹೊತ್ತಿನಲ್ಲಿ ಕುಡುಗೋಲಿನ ಆಕಾರ ತಾಳುತ್ತವೆ. ಪ್ರತಿ ಸಂದಿಯೂ ಸೂರ್ಯನ ಒಂದೊಂದು ಚಿತ್ರ ಬರೆಯುತ್ತದೆ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ಹಾಳು, ಅದು ನಿಜ. ಆದರೆ ನೆಲ ನೋಡಲು ಏನು ಭಯ? ಬೂಂದಿ ಜಾಲರಿ ಹಿಡಿದರೂ ಅಂಗಳದ ತುಂಬ ನೂರು ಪುಟ್ಟ ಸೂರ್ಯ. ನಮ್ಮ ಎಷ್ಟೋ ಮಕ್ಕಳು ಆ ಹೊತ್ತಿನಲ್ಲಿ ಕದ ಮುಚ್ಚಿದ ಕೋಣೆಯಲ್ಲಿದ್ದರು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಆ ಚಿತ್ರ ಪತ್ರಿಕೆಯಲ್ಲಿ ನೋಡಿ ಆ ತಾಯಂದಿರನ್ನು ಹಳಿದವರು ಬಹಳ. ನನಗೆ ಹಳಿಯಲು ಮನಸ್ಸು ಬರಲಿಲ್ಲ. ಮಗುವಿನ ಕಾಲು ಯಾಕೆ ಬಲಗುಂದಿದೆ ಎಂದು ಆ ತಾಯಿ ಎಷ್ಟು ಜನರನ್ನು ಕೇಳಿದ್ದಳೋ, ಎಷ್ಟು ಕಡೆ "ನಿನಗೆ ಅರ್ಥವಾಗುವುದಿಲ್ಲ, ಸುಮ್ಮನಿರು" ಎಂಬ ಉತ್ತರ ಸಿಕ್ಕಿತ್ತೋ! ಉತ್ತರ ಸಿಗದ ತಾಯಿ ಕೊನೆಗೆ ಯಾರು ಏನು ಹೇಳಿದರೂ ಮಾಡುತ್ತಾಳೆ.

"ಕೆಲಸದ ನಡುವೆ ಪುರುಸೊತ್ತೆಲ್ಲಿದೆ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮನೆಯ ಕೆಲಸವೆಲ್ಲ ಒಬ್ಬಳ ತಲೆಗೆ ಕಟ್ಟಿ, ಮಗುವಿನ ಪ್ರಶ್ನೆಯನ್ನೂ ಅವಳ ಮಡಿಲಿಗೆ ಹಾಕಿ, ಉತ್ತರ ತಪ್ಪಿದಾಗ ಮಾತ್ರ ಪೇಪರಿನ ಹಿಂದಿನಿಂದ ತಲೆಯೆತ್ತಿ ನಗುವ ಗಂಡಸರೂ ಈ ಜಗಳದಲ್ಲಿ ಪ್ರತಿವಾದಿಗಳೇ. "ಈಗ ಫೋನಿದೆ, ಎಲ್ಲ ಅದರಲ್ಲೇ ಸಿಗುತ್ತೆ" ಎನ್ನುತ್ತೀರಿ. ಸಿಗುತ್ತದೆ. ಆದರೆ ಮಗು ಪ್ರಶ್ನೆ ಕೇಳುವುದು ಬರೀ ಉತ್ತರಕ್ಕಲ್ಲ. ತಾನು ಕಂಡದ್ದನ್ನು ನೀನೂ ನೋಡು ಎಂದು ಕರೆಯುವುದಕ್ಕೆ. ಫೋನು ಕೈಗೆ ಕೊಟ್ಟರೆ ಅದೂ "ಸುಮ್ಮನಿರು" ಎಂದ ಹಾಗೆಯೇ.

ಹಾಗಾದರೆ ಗೊತ್ತಿಲ್ಲದ್ದಕ್ಕೆ ಏನು ಮಾಡುವುದು? ಗೊತ್ತಿಲ್ಲ ಎನ್ನುವುದು. 2022ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟಗಳ ಮೇಲೆ ನೀಲಕುರಿಂಜಿ ಅರಳಿದಾಗ ಊರೂರಿಂದ ಕಾರುಗಳು ಸಾಲುಗಟ್ಟಿದವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು ಎಂದು ದೊಡ್ಡವರು ಹೇಳುತ್ತಿದ್ದರು. "ಗಿಡಕ್ಕೆ ಹನ್ನೆರಡರವರೆಗೆ ಎಣಿಸಲು ಯಾರು ಹೇಳಿಕೊಟ್ಟರು?" ಎಂದು ಮಗು ಕೇಳಿದರೆ ಏನು ಹೇಳುತ್ತೀರಿ? ನಿಜವಾದ ಉತ್ತರ ಹೀಗಿದೆ: ಒಟ್ಟಿಗೆ ಅರಳಿ ಒಟ್ಟಿಗೆ ಬೀಜ ಚೆಲ್ಲಿದರೆ, ತಿನ್ನುವ ಪ್ರಾಣಿಗಳು ಎಷ್ಟು ತಿಂದರೂ ಮುಗಿಯದೆ ಕೆಲವು ಬೀಜ ಉಳಿಯುತ್ತವೆ ಎಂದು ಒಂದು ವಿವರಣೆಯಿದೆ. ಆದರೆ ಗಿಡದೊಳಗೆ ವರ್ಷ ಎಣಿಸುವ ಗಡಿಯಾರ ಹೇಗೆ ನಡೆಯುತ್ತದೆ ಎಂಬುದು ವಿಜ್ಞಾನಿಗಳಿಗೂ ಇನ್ನೂ ಪೂರ್ತಿ ತಿಳಿದಿಲ್ಲ. ದೊಡ್ಡವರಿಗೂ ತಿಳಿಯದ್ದು ಇನ್ನೂ ಇದೆ ಎಂದು ಕೇಳಿದಾಗ ಮಗುವಿನ ಮುಖ ನೋಡಿ. ಮಾಡಲು ತನಗೂ ಒಂದು ಕೆಲಸ ಉಳಿದಿದೆ ಎಂಬ ಸಂತೋಷ ಅದು.

ಹೆಂಗಸರಾದ ನಮಗೆ ಹುಟ್ಟಿದಾಗಿನಿಂದ "ನಿನಗೇನು ಗೊತ್ತು" ಎಂದು ಹೇಳಿಯೇ ಬೆಳೆಸಿದ್ದಾರೆ. ಗೊತ್ತಿಲ್ಲ ಎನ್ನಲು ನಮಗೆ ನಾಚಿಕೆ ಯಾಕೆ? "ನನಗೂ ಗೊತ್ತಿಲ್ಲ, ಬಾ ನೋಡೋಣ" ಎಂಬ ಮಾತನ್ನು ಗತ್ತಿನ ಗಂಡಸರಿಗಿಂತ ನಾವು ಸಲೀಸಾಗಿ ಆಡಬಲ್ಲೆವು. ನೋಡಿದ ಮೇಲೂ ತಿಳಿಯದಿದ್ದರೆ ಲೈಬ್ರರಿ ಇದೆ, ಕನ್ನಡದ ಪುಸ್ತಕಗಳಿವೆ, ಪಕ್ಕದ ಬೀದಿಯಲ್ಲಿ ನಿವೃತ್ತ ಮೇಷ್ಟರಿದ್ದಾರೆ, ಆಗ ಫೋನನ್ನೂ ತೆಗೆಯಿರಿ, ಇಬ್ಬರೂ ಒಟ್ಟಿಗೆ.

ಈ ಸಲ ಮಗಳ ಹುಟ್ಟುಹಬ್ಬಕ್ಕೆ ಇನ್ನೊಂದು ಫ್ರಾಕು ಬೇಡ. ಒಂದು ಭೂತಗನ್ನಡಿ ಕೊಡಿಸಿ. ಒಂದು ತಿಂಗಳ ಟ್ಯೂಷನ್ ಫೀಜಿಗಿಂತ ಎಷ್ಟೋ ಅಗ್ಗ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳವನ್ನು ಕಿರುಚಿ ಕೀಳುವ ಮೊದಲು ಅದರಲ್ಲಿ ಒಮ್ಮೆ ನೋಡಲಿ. ಕಚ್ಚಿದ ಜಾಗದಲ್ಲಿ ರಕ್ತ ಯಾಕೆ ನಿಲ್ಲುವುದಿಲ್ಲ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವಿದೆ, ಜಿಗಣೆಯ ಅಂಥ ರಸದ ಮಾದರಿಯಲ್ಲೇ ಹೃದಯದ ಚಿಕಿತ್ಸೆಗೆ ಔಷಧಿ ಮಾಡಿದ್ದಾರೆ ಎಂದು ಹೇಳಿ. ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದರ ಹಿಂದೆ ಮತ್ತೊಂದು. ಒಲೆಯ ಮೇಲಿನ ಸಾರು ಎರಡು ನಿಮಿಷ ಹೆಚ್ಚು ಕುದಿದರೆ ಏನೂ ಕೆಡುವುದಿಲ್ಲ.